ಓದುಗರ ಪ್ರಶ್ನೆಗಳು: ನಮ್ಮ ಜಿಲ್ಲೆಗೊಂದು ಸಮಕಾಲೀನ ಇತಿಹಾಸದ ಪತ್ರಾಗಾರ

ಉತ್ತರ ಕನ್ನಡ ಜಿಲ್ಲೆಗೆ ಸಮಕಾಲೀನ ಇತಿಹಾಸದ ಪತ್ರಾಗಾರವೊಂದು ಬೇಕು ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಕಳೆದ ಐದಾರು ದಶಕಗಳಲ್ಲಿ ಈ ಜಿಲ್ಲೆ ಕಂಡ ಬದಲಾವಣೆಗಳ ಕಾಗದ, ಚಿತ್ರ, ಧ್ವನಿಗಳನ್ನು, ಅವುಗಳ ವಿಷಯ ಬಲ್ಲವರು ನಮ್ಮ ನಡುವೆ ಇರುವಾಗಲೇ ಕೂಡಿಸಿ ಕಾಪಾಡುವ ಜಾಗ ಎಂದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಓದಿ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಹಲವರು ಬರೆದಿದ್ದಾರೆ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮನೆಯ ವಿಷಯ ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಇತಿಹಾಸ ಎಂದರೆ ಕಳೆದುಹೋದ ಕಾಲದ ಸಂಗತಿ. ಹೀಗಿರುವಾಗ ‘ಸಮಕಾಲೀನ ಇತಿಹಾಸ’ ಎಂಬ ಮಾತಿಗೆ ಅರ್ಥವೇನು? ಬನವಾಸಿಯ ಶಾಸನಗಳನ್ನೂ ಸೋದೆ ಅರಸರ ಕಾಲದ ದಾಖಲೆಗಳನ್ನೂ ಬಿಟ್ಟು ನಿನ್ನೆ ಮೊನ್ನೆಯ ಕರಪತ್ರಗಳನ್ನು ಕೂಡಿಡುವ ಅಗತ್ಯವಿದೆಯೇ?
— ಕಾರವಾರದ ಒಬ್ಬ ಕಾಲೇಜು ವಿದ್ಯಾರ್ಥಿ

ಉತ್ತರ: ಬನವಾಸಿಯ ಕಲ್ಲು ನೂರಾರು ವರ್ಷ ಮಳೆಯಲ್ಲಿ ನೆನೆದರೂ ಅಕ್ಷರ ಉಳಿಸಿಕೊಂಡಿತು. ಸೈಕ್ಲೋಸ್ಟೈಲ್ ಮಾಡಿದ ಕರಪತ್ರಕ್ಕೆ ಆ ಆಯುಷ್ಯವಿಲ್ಲ. ಹೀಗಾಗಿ ಅವಸರವಿರುವುದು ಹಳೆಯದಕ್ಕಿಂತ ಹೊಸದಕ್ಕೇ. ಯಾವ ಕಾಲವನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆಯೋ ಆ ಕಾಲದ ಇತಿಹಾಸವನ್ನು ಸಮಕಾಲೀನ ಇತಿಹಾಸ ಎನ್ನುತ್ತಾರೆ. ಅದರ ಗಡಿ ಒಂದೇ ಕಡೆ ನಿಲ್ಲುವುದಿಲ್ಲ, ಪ್ರತಿ ತಲೆಮಾರಿನೊಂದಿಗೆ ಮುಂದೆ ಸರಿಯುತ್ತದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ ನಮ್ಮ ಅಜ್ಜಂದಿರಿಗೆ ಸಮಕಾಲೀನವಾಗಿತ್ತು. ಇಂದು ಅದನ್ನು ಕಂಡವರನ್ನು ಕೇಳುವ ಅವಕಾಶ ನಮಗಿಲ್ಲ.

ಇಂತಹ ಪತ್ರಾಗಾರಗಳು ಹುಟ್ಟಿದ್ದು ಸುಖದ ಕಾಲದಲ್ಲಲ್ಲ. ಜರ್ಮನಿಯಿಂದ ತಪ್ಪಿಸಿಕೊಂಡು ಹೋದ ಆಲ್ಫ್ರೆಡ್ ವೀನರ್ ಎಂಬವರು 1933ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಜಿಗಳ ಕೃತ್ಯಗಳ ಬಗೆಗಿನ ಪತ್ರಿಕೆ, ಪುಸ್ತಕ, ಸಾಕ್ಷ್ಯಗಳನ್ನು ಕೂಡಿಸತೊಡಗಿದರು. 1939ರಲ್ಲಿ ಲಂಡನ್ನಿಗೆ ಸಾಗಿಸಿದ ಆ ಸಂಗ್ರಹ ಇಂದಿಗೂ ಅಲ್ಲಿದೆ. ವಾರ್ಸಾ ನಗರದಲ್ಲಿ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ್ದಾಗ ಎಮ್ಯಾನುಯೆಲ್ ರಿಂಗೆಲ್‌ಬ್ಲೂಮ್ ಎಂಬ ಇತಿಹಾಸಕಾರರೂ ಅವರ ಸಂಗಡಿಗರೂ ದಿನಚರಿ, ಗೋಡೆಪತ್ರ, ಪಡಿತರ ಚೀಟಿ, ಮಕ್ಕಳ ಪ್ರಬಂಧಗಳನ್ನೂ ಬಿಡದೆ ಕೂಡಿಸಿ ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ನೆಲದಲ್ಲಿ ಹೂತಿಟ್ಟರು. ರಿಂಗೆಲ್‌ಬ್ಲೂಮ್ 1944ರಲ್ಲಿ ಕೊಲೆಯಾದರು. ಹೂತಿಟ್ಟದ್ದರಲ್ಲಿ ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ಸಾಯುವುದು ಖಚಿತವೆಂದು ಬಲ್ಲವರು ಪಡಿತರ ಚೀಟಿಯನ್ನು ಜೋಪಾನ ಮಾಡಿದ್ದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಯುದ್ಧ ಮುಗಿದ ಮೇಲೆ 1949ರಲ್ಲಿ ಮ್ಯೂನಿಕ್ಕಿನಲ್ಲಿ ಸಮಕಾಲೀನ ಇತಿಹಾಸಕ್ಕೆಂದೇ ಸಂಶೋಧನ ಸಂಸ್ಥೆ ಆರಂಭವಾಯಿತು.

ನಮ್ಮ ದೇಶದಲ್ಲಿ 1964ರಲ್ಲಿ ದೆಹಲಿಯ ತೀನ್‌ಮೂರ್ತಿ ಭವನದಲ್ಲಿ ಶುರುವಾದ ನೆಹರೂ ಸ್ಮಾರಕ ಗ್ರಂಥಾಲಯವು ಸ್ವಾತಂತ್ರ್ಯ ಹೋರಾಟದಲ್ಲಿದ್ದವರ ಖಾಸಗಿ ಕಾಗದಪತ್ರಗಳನ್ನು ಪಡೆದುದಲ್ಲದೆ ಅವರನ್ನು ಎದುರಿಗೆ ಕುಳ್ಳಿರಿಸಿಕೊಂಡು ಅವರ ಮಾತನ್ನು ಧ್ವನಿಮುದ್ರಿಸಿ ಇಟ್ಟಿತು. 2023ರಿಂದ ಅದರ ಹೆಸರು ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಎಂದಾಗಿದೆ.

ಇನ್ನು ನಮ್ಮ ಜಿಲ್ಲೆಯನ್ನೇ ನೋಡಿ. 1981ರ ಜನವರಿಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟವನ್ನು ಅಡಿಕೆ ಬೆಳೆಗಾರರೇ ವಿಜ್ಞಾನಿಗಳನ್ನು ಕರೆಸಿ ಶಿರಸಿಯಲ್ಲಿ ಚರ್ಚಿಸಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯವರು ಕಳಸೆ ಕಾಡಿನಲ್ಲಿ ಕಡಿಯಲು ಬಿಡದೆ ಮರಗಳನ್ನು ಅಪ್ಪಿ ನಿಂತರು, ಅಪ್ಪಿಕೋ ಚಳವಳಿ ಹುಟ್ಟಿತು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪಟ್ಟಣ ನೀರಿನಡಿಗೆ ಹೋಯಿತು. 1986ರ ಅಕ್ಟೋಬರಿನಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು, 1994ರ ಮೇ ತಿಂಗಳಲ್ಲಿ ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿಯಿತು, 1998ರಲ್ಲಿ ಕೊಂಕಣ ರೈಲ್ವೆಯ ಹಳಿ ಪೂರ್ತಿಯಾಯಿತು. ಒಂದೇ ಜಿಲ್ಲೆಯಲ್ಲಿ, ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳೊಳಗೆ, ಕಾಡು, ನದಿ, ಕಡಲು ಮೂರನ್ನೂ ಕುರಿತ ಇಷ್ಟು ದೊಡ್ಡ ತೀರ್ಮಾನಗಳು ಆದವು. ಅವನ್ನು ಕೈಗೊಂಡವರ ಕಡತಗಳು ಒಂದೊಂದು ಇಲಾಖೆಯಲ್ಲಿ ಇದ್ದಾವು. ಅವನ್ನು ಅನುಭವಿಸಿದವರ ಕಾಗದಗಳು ಇರುವುದು ಮನೆಯ ಅಟ್ಟದ ಮೇಲೆ.

ಪ್ರಶ್ನೆ: ಜಿಲ್ಲೆಯ ಹಳೆಯ ದಾಖಲೆಗಳೆಲ್ಲ ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರಬೇಕಲ್ಲವೇ? ನಮ್ಮ ಊರಿನ ಜಮೀನಿನ ಬಗ್ಗೆ ಹುಡುಕಲು ಹೊರಟ ನನ್ನ ಮಿತ್ರರು ಮುಂಬಯಿಗೂ ಚೆನ್ನೈಗೂ ಹೋಗಿಬಂದರು. ಹೀಗೇಕೆ?
— ಕುಮಟೆಯ ನಿವೃತ್ತ ಶಿಕ್ಷಕರು

ಉತ್ತರ: ನಿಮ್ಮ ಮಿತ್ರರು ಸರಿಯಾದ ದಾರಿಯಲ್ಲಿಯೇ ಹೋಗಿದ್ದಾರೆ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತು. ಮುಂದೆ ಕೆನರಾ ಎರಡು ಜಿಲ್ಲೆಗಳಾಗಿ ಒಡೆದು, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯವನ್ನು ಸೇರಿತು. ಆಡಳಿತ ಕೈಬದಲಾದಾಗ ಜನ ಇದ್ದಲ್ಲಿಯೇ ಇದ್ದರು, ಸರ್ಕಾರದ ಪತ್ರವ್ಯವಹಾರ ಮಾತ್ರ ಆಯಾ ರಾಜಧಾನಿಯಲ್ಲಿ ಉಳಿಯಿತು. ಆದ್ದರಿಂದ 1862ಕ್ಕಿಂತ ಹಿಂದಿನದಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ನಂತರದ ತೊಂಬತ್ತು ಚಿಲ್ಲರೆ ವರ್ಷಗಳಿಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರ, ಆಮೇಲಿನದಕ್ಕೆ ಬೆಂಗಳೂರು ಮತ್ತು ಕಾರವಾರ ಎಂದು ಹುಡುಕಬೇಕಾಗುತ್ತದೆ. ಕಾರವಾರ, ಅಂಕೋಲೆ, ಸೋದೆಗಳ ಇನ್ನೂ ಹಿಂದಿನ ವ್ಯವಹಾರಕ್ಕೆ ಪಣಜಿಗೂ ಹೋಗಬೇಕು. ಗೋವೆಯ ಪತ್ರಾಗಾರ 1595ರಷ್ಟು ಹಿಂದೆಯೇ ಸ್ಥಾಪನೆಯಾದದ್ದು, ಅಲ್ಲಿರುವುದು ಬಹುಮಟ್ಟಿಗೆ ಪೋರ್ಚುಗೀಸ್ ಭಾಷೆಯ ದಾಖಲೆ.

ಇದರಿಂದ ಒಂದು ವಿಷಯ ಹೊರಡುತ್ತದೆ. ಹೊಸ ಪತ್ರಾಗಾರ ಆ ಊರುಗಳಲ್ಲಿರುವ ಸರ್ಕಾರಿ ದಾಖಲೆಗಳನ್ನು ಇಲ್ಲಿಗೆ ತರಲಾರದು, ತರಲು ಹೊರಡಲೂಬಾರದು. ಯಾವ ವಿಷಯ ಎಲ್ಲಿ, ಯಾವ ಕಟ್ಟಿನಲ್ಲಿದೆ ಎಂಬ ಸೂಚಿಯೊಂದನ್ನು ಮಾಡಿಟ್ಟರೆ ಸಾಕು, ಮುಂದಿನವರ ಎಷ್ಟೋ ಪ್ರಯಾಣ ಉಳಿಯುತ್ತದೆ. ನಿಮ್ಮ ಮಿತ್ರರು ಟಿಪ್ಪಣಿ ಮಾಡಿಕೊಂಡ ವಹಿಯನ್ನು ದಯವಿಟ್ಟು ಎಸೆಯಬೇಡಿ ಎಂದು ಹೇಳಿ. ಅದು ಈ ಸೂಚಿಯ ಮೊದಲ ಪುಟವಾಗಬಹುದು.

ಪ್ರಶ್ನೆ: ನಮ್ಮ ಮಾವನವರು ತೀರಿಕೊಂಡು ಆರು ವರ್ಷವಾಯಿತು. ಬೇಡ್ತಿ ಮತ್ತು ಅಪ್ಪಿಕೋ ದಿನಗಳಲ್ಲಿ ಅವರು ಓಡಾಡಿದವರು. ಮೆತ್ತಿನ ಮೇಲೆ ಅವರ ಒಂದು ಕಬ್ಬಿಣದ ಟ್ರಂಕಿದೆ. ಕರಪತ್ರ, ಪತ್ರಿಕೆಯ ತುಣುಕು, ಇನ್‌ಲ್ಯಾಂಡ್ ಪತ್ರ, ಸೊಸೈಟಿಯ ಪಾವತಿ, ಫೋಟೋ ಎಲ್ಲ ಕಲಸಿಹೋಗಿವೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮಾಡು ತೆಗೆದು ಹೊಸದಾಗಿ ಹೊದಿಸುವ ಕೆಲಸ ಸದ್ಯವೇ ಇದೆ. ಟ್ರಂಕನ್ನು ಏನು ಮಾಡಲಿ?
— ಶಿರಸಿ ಸಮೀಪದ ಹಳ್ಳಿಯೊಂದರ ಗೃಹಿಣಿ

ಉತ್ತರ: ಅಮ್ಮಾ, ಮೊದಲು ಟ್ರಂಕನ್ನು ಮೆತ್ತಿನಿಂದ ಇಳಿಸಿ, ಗೋಡೆಗೆ ತಾಗದಂತೆ, ಮರದ ಮಣೆಯ ಮೇಲೆ ಇಡಿಸಿ. ಮಾಡು ತೆಗೆದ ದಿನವೇ ಮಳೆ ಬಂದು ಟ್ರಂಕು ನೆನೆದ ಮನೆಗಳನ್ನು ನಾನು ಕಂಡಿದ್ದೇನೆ.

ಎರಡನೆಯದಾಗಿ, ಒಳಗಿರುವುದನ್ನು ವಿಂಗಡಿಸಬೇಡಿ. ಪತ್ರಗಳು ಒಂದು ಕಡೆ, ಫೋಟೋ ಒಂದು ಕಡೆ, ಪಾವತಿಗಳು ಬೇಡ ಎಂದು ಒಲೆಗೆ ಎನ್ನುವ ಅಚ್ಚುಕಟ್ಟುತನ ಮನೆಗೆ ಒಳ್ಳೆಯದು, ಇಂತಹ ಕಾಗದಕ್ಕೆ ಅಲ್ಲ. ನಿಮ್ಮ ಕಣ್ಣಿಗೆ ಕಲಸಿಹೋದಂತೆ ಕಾಣುವುದರಲ್ಲಿ ಮಾವನವರ ಲೆಕ್ಕಾಚಾರವಿರಬಹುದು. ಕರಪತ್ರದ ಕಟ್ಟಿನೊಳಗೆ ಬಸ್ಸಿನ ಟಿಕೇಟು ಇದ್ದರೆ ಆ ಕರಪತ್ರವನ್ನು ಹಂಚಲು ಅವರು ಎಲ್ಲಿಗೆ ಹೋಗಿದ್ದರೆಂದು ಅದು ಹೇಳುತ್ತದೆ, ಟಿಕೇಟನ್ನು ಬೇರೆ ಡಬ್ಬಿಗೆ ಹಾಕಿದ ಕ್ಷಣದಲ್ಲಿ ಅದು ಬರಿಯ ಟಿಕೇಟಾಗುತ್ತದೆ. ಒಬ್ಬರ ಕಾಗದಗಳನ್ನು ಇನ್ನೊಬ್ಬರದರೊಂದಿಗೆ ಬೆರೆಸಬಾರದು, ಅವರು ಇಟ್ಟ ಕ್ರಮವನ್ನು ಕೆಡಿಸಬಾರದು ಎಂಬ ಈ ನಿಯಮಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಹಿನ್ನೆಲೆಯಿದೆ. ಫ್ರಾನ್ಸಿನಲ್ಲಿ 1841ರಲ್ಲಿ ಹೊರಟ ಸುತ್ತೋಲೆಯೊಂದರಿಂದ ಅದು ಜಗತ್ತಿಗೆ ಹಬ್ಬಿತು. ಇಂದಿಗೂ ಪತ್ರಾಗಾರದ ಕೆಲಸಕ್ಕೆ ಸೇರಿದವರು ಮೊದಲು ಕಲಿಯುವ ಪಾಠ ಅದು.

ಆಮೇಲೆ ಕಾಗದದ ಆರೋಗ್ಯ. ತುಕ್ಕು ಹಿಡಿದ ಗುಂಡುಸೂಜಿ ಮತ್ತು ಸ್ಟೇಪ್ಲರ್ ಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ, ಎಳೆಯಬೇಡಿ. ತೆಗೆದಲ್ಲಿ ಒಂದು ಬಿಳಿಯ ಹಾಳೆಯನ್ನು ಮಡಿಸಿ ಅದರೊಳಗೆ ಆ ಕಾಗದಗಳನ್ನು ಇಟ್ಟರೆ ಅವು ಒಂದೇ ಗುಂಪು ಎಂದು ತಿಳಿಯುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪ್ರೀತಿಯಿಂದಲೇ ಲ್ಯಾಮಿನೇಶನ್ ಮಾಡಿಸಿ ಕಾಗದವನ್ನು ಹಾಳುಮಾಡಿಕೊಂಡವರು ನಮ್ಮಲ್ಲಿ ಬಹಳ ಜನ. ಬಿಸಿಯಿಂದ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಪತ್ರಿಕೆಯ ತುಣುಕುಗಳು ಹಳದಿಯಾಗಿರುವುದಕ್ಕೆ ಆ ಕಾಗದದಲ್ಲಿಯೇ ಇರುವ ಆಮ್ಲ ಕಾರಣ, ಅದು ಪಕ್ಕದ ಪತ್ರಕ್ಕೂ ಕಲೆ ಹತ್ತಿಸುತ್ತದೆ. ಆದ್ದರಿಂದ ತುಣುಕನ್ನು ಇದ್ದಲ್ಲಿಯೇ ಬಿಟ್ಟು ಅದರ ಎರಡೂ ಬದಿಗೆ ಒಳ್ಳೆಯ ಬಿಳಿ ಹಾಳೆ ಇಡಿ. ಗಾಳಿಯಲ್ಲಿ ತೇವಾಂಶ ಶೇಕಡಾ 65–70 ದಾಟಿದರೆ ಬೂಷ್ಟು ಬೆಳೆಯುತ್ತದೆ, ನಮ್ಮಲ್ಲಿ ಮಳೆಗಾಲವಿಡೀ ಅದಕ್ಕಿಂತ ಮೇಲೆಯೇ ಇರುತ್ತದೆ. ಹಾಗೆಂದು ಬೂಷ್ಟು ಬಂದ ಕಾಗದವನ್ನು ಹಪ್ಪಳದಂತೆ ಬಿಸಿಲಿಗೆ ಹರಡಬೇಡಿ. ನೆರಳಿನಲ್ಲಿ, ಗಾಳಿ ಆಡುವಲ್ಲಿ ಒಣಗಿಸಿ, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಮನೆಯ ಹೊರಗೆ ಝಾಡಿಸಿ. ನುಸಿಗುಳಿಗೆ ಹಾಕುವುದಿದ್ದರೆ ಕಾಗದಕ್ಕೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಒರಲೆ ಹತ್ತಿದೆಯೇ ಎಂದು ತಿಂಗಳಿಗೊಮ್ಮೆ ಟ್ರಂಕಿನ ತಳ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಾಗದ ಹಾಳಾಗುವ ಮೊದಲೇ ಕಾಗದದ ಗುರುತು ಹಾಳಾಗುತ್ತದೆ. ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಮನೆಯಲ್ಲಿ ನನಗೊಂದು ಕಪ್ಪು–ಬಿಳುಪಿನ ಫೋಟೋ ತೋರಿಸಿದರು. ಅಡಿಕೆ ಒಣಗಿಸುವ ಅಂಗಳ, ಬಿದಿರಿನ ಅಟ್ಟ, ಅದರ ಕೆಳಗೆ ಕಂಬಳಿಯ ಮೇಲೆ ಕುಳಿತ ಹನ್ನೊಂದು ಜನ, ಒಬ್ಬರ ಕೈಯಲ್ಲಿ ಸುರುಳಿ ಸುತ್ತಿದ ನಕಾಶೆ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಮಾತ್ರ. ಪಕ್ಕದ ಮನೆಯ ಅಜ್ಜನವರನ್ನು ಕರೆಸಿದೆವು. ಅವರು ಕನ್ನಡಕ ಒರೆಸಿಕೊಂಡು, ಬೆರಳಿಟ್ಟು ಏಳು ಜನರ ಹೆಸರು ಹೇಳಿದರು, ನಕಾಶೆ ಹಿಡಿದವರು ಸರ್ವೆಯವರಲ್ಲ, ಊರಿನದೇ ಶಾಲೆಯ ಮಾಸ್ತರರು ಎಂದರು. ಉಳಿದ ನಾಲ್ವರನ್ನು ನೆನಪು ಮಾಡಿಕೊಂಡು ಹೇಳುತ್ತೇನೆ ಎಂದು ಹೊರಟರು. ಮುಂದಿನ ಸುಗ್ಗಿಗೆ ನಾನು ಮತ್ತೆ ಹೋದಾಗ ಅವರ ಮನೆಯಲ್ಲಿ ವರ್ಷಾಂತಿಕದ ಸಿದ್ಧತೆ ನಡೆದಿತ್ತು. ಆ ಫೋಟೋ ಚೆನ್ನಾಗಿಯೇ ಇದೆ, ಒಂದು ಕಲೆಯೂ ಇಲ್ಲ. ಆ ನಾಲ್ವರು ಯಾರೆಂದು ಹೇಳುವವರು ಮಾತ್ರ ಈಗ ಇಲ್ಲ.

ಆದ್ದರಿಂದ ಮಾಡಿನ ಕೆಲಸ ಮುಗಿಯುವುದಕ್ಕೂ ಕಾಯದೆ, ಮಾವನವರ ಜೊತೆ ಓಡಾಡಿದವರಲ್ಲಿ ಇಂದು ಇರುವವರನ್ನು ಒಂದು ಮಧ್ಯಾಹ್ನ ಊಟಕ್ಕೆ ಕರೆಯಿರಿ. ಫೋಟೋಗಳನ್ನು ಒಂದೊಂದಾಗಿ ತೋರಿಸಿ, ಯಾರು, ಎಲ್ಲಿ, ಯಾವಾಗ ಎಂದು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಒಂದು ಸಂಖ್ಯೆ ಹಾಕಿ, ವಿವರವನ್ನು ಬೇರೆ ವಹಿಯಲ್ಲಿ ಅದೇ ಸಂಖ್ಯೆಯ ಎದುರಿಗೆ ಬರೆಯಿರಿ. ಬಾಲ್‌ಪೆನ್ನು ಮುಂಬದಿಗೆ ಅಚ್ಚೊತ್ತುತ್ತದೆ, ಸ್ಕೆಚ್‌ಪೆನ್ನಿನ ಶಾಯಿ ಇಳಿಯುತ್ತದೆ. ಹೇಳಿದವರ ಹೆಸರನ್ನೂ ತಾರೀಖನ್ನೂ ಬರೆಯಲು ಮರೆಯಬೇಡಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ.

ಪ್ರಶ್ನೆ: ನೌಕಾನೆಲೆಗಾಗಿ ಊರು ಬಿಟ್ಟು ಬಂದ ಕುಟುಂಬ ನಮ್ಮದು. ನಮ್ಮಲ್ಲಿ ಪುಸ್ತಕವಿಲ್ಲ, ಭಾಷಣವಿಲ್ಲ. ಭೂಸ್ವಾಧೀನದ ನೋಟೀಸು, ಪರಿಹಾರದ ಕಾಗದ, ಕೋರ್ಟಿನ ಕಾಗದ, ಹಳೆಯ ರೇಶನ್ ಕಾರ್ಡು ಇಷ್ಟೇ ಇವೆ. ಇವೂ ಇತಿಹಾಸವೇ? ಪತ್ರಾಗಾರಕ್ಕೆ ಕೊಟ್ಟರೆ ನಾಳೆ ನಮಗೆ ಬೇಕಾದಾಗ ಯಾರು ಕೊಡುತ್ತಾರೆ?
— ಕಾರವಾರ ತಾಲೂಕಿನ ಪುನರ್ವಸತಿ ಕಾಲನಿಯ ಓದುಗರು

ಉತ್ತರ: ಮೂಲ ಕಾಗದಗಳನ್ನು ಯಾರಿಗೂ ಕೊಡಬೇಡಿ. ಪರಿಹಾರ, ಉದ್ಯೋಗ, ಹಕ್ಕುಪತ್ರಗಳ ವಿಷಯದಲ್ಲಿ ಅವು ನಿಮಗೆ ಇನ್ನೂ ಬೇಕಾಗುವ ಆಧಾರಗಳು. ಅವುಗಳ ಸ್ಪಷ್ಟವಾದ ಸ್ಕ್ಯಾನ್ ಪ್ರತಿಯನ್ನು ಪಡೆದು ಮೂಲವನ್ನು ಅದೇ ದಿನ ಹಿಂದಿರುಗಿಸುವುದು ಪತ್ರಾಗಾರದವರ ಕರ್ತವ್ಯ. ಹಾಗೆ ಮಾಡಲಾಗದ ಪತ್ರಾಗಾರಕ್ಕೆ ನಿಮ್ಮ ಮನೆಯ ಬಾಗಿಲು ತಟ್ಟುವ ಅಧಿಕಾರವಿಲ್ಲ.

ಇತಿಹಾಸವೇ ಎಂದು ಕೇಳಿದ್ದೀರಿ. 2005ರ ಮೇ 31ರಂದು ಆ ನೌಕಾನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ್ದರ ದಾಖಲೆ ದೇಶದ ಎಲ್ಲ ಪತ್ರಿಕೆಗಳಲ್ಲಿ ಸಿಗುತ್ತದೆ. ಆ ನೆಲದಲ್ಲಿ ಯಾರ ಬಾವಿ ಎಲ್ಲಿತ್ತು, ಯಾವ ದೇವರ ಬನಕ್ಕೆ ಯಾರು ದೀಪ ಇಡುತ್ತಿದ್ದರು, ರಾಂಪಣಿ ಬಲೆ ಎಳೆಯಲು ಯಾವ ಕೇರಿಯವರು ಸೇರುತ್ತಿದ್ದರು ಎಂಬುದು ನಿಮ್ಮ ನೋಟೀಸಿನ ಸರ್ವೆ ನಂಬರಿನಲ್ಲಿಯೂ ನಿಮ್ಮ ಹಿರಿಯರ ನೆನಪಿನಲ್ಲಿಯೂ ಮಾತ್ರ ಇದೆ. ನೋಟೀಸನ್ನು ಮುಂದಿಟ್ಟುಕೊಂಡು ಒಂದೊಂದು ಸರ್ವೆ ನಂಬರಿಗೆ ಹಿರಿಯರು ಏನು ಹೇಳುತ್ತಾರೆಂದು ಧ್ವನಿಮುದ್ರಿಸಿ. ಫೋನಿನಲ್ಲಿಯೇ ಆದೀತು. ಪಂಖ ನಿಲ್ಲಿಸಿ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವ ಹೊತ್ತನ್ನು ಬಿಟ್ಟು ಕುಳಿತುಕೊಳ್ಳಿ. ಆರಂಭದಲ್ಲಿ ದಿನಾಂಕ, ಜಾಗ, ಮಾತಾಡುವವರ ಹೆಸರು ಹೇಳಿ. ಅವರು ಕೊಂಕಣಿಯಲ್ಲಿ ಮಾತಾಡಿದರೆ ಕೊಂಕಣಿಯಲ್ಲಿಯೇ, ಹಾಲಕ್ಕಿ ಒಕ್ಕಲಿಗರ ಕನ್ನಡವಾದರೆ ಹಾಗೆಯೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮುಗಿದ ಮೇಲೆ, ಇದನ್ನು ಯಾರು ಕೇಳಬಹುದು, ಈಗಲೇ ಕೇಳಬಹುದೇ ಅಥವಾ ಅವರ ಕಾಲಾನಂತರವೇ ಎಂದು ಅವರಿಂದಲೇ ಹೇಳಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸೂಪಾ ಮುಳುಗಡೆಯ ಕುಟುಂಬಗಳಿಗೂ ಕೈಗಾ ಸುತ್ತಿನವರಿಗೂ ಇದೇ ಮಾತು ಸಲ್ಲುತ್ತದೆ.

ಪ್ರಶ್ನೆ: ಯಕ್ಷಗಾನದ ಮತ್ತು ಹಾಲಕ್ಕಿ ಹಾಡಿನ ಇನ್ನೂರು ಕ್ಯಾಸೆಟ್‌ಗಳು ನನ್ನಲ್ಲಿವೆ. ಇವನ್ನು ಉಳಿಸಬಹುದೇ?
— ಹೊನ್ನಾವರದ ಓದುಗರು

ಉತ್ತರ: ಉಳಿಸಬಹುದು, ಆದರೆ ಈ ವರ್ಷವೇ. ಕ್ಯಾಸೆಟ್ಟಿನ ಟೇಪಿನ ಮೇಲಿನ ಲೇಪ ಸಡಿಲವಾಗುತ್ತ ಹೋಗುತ್ತದೆ, ಚೆನ್ನಾಗಿ ಓಡುವ ಪ್ಲೇಯರ್‌ಗಳು ಸಿಗುವುದೂ ಕಷ್ಟವಾಗುತ್ತಿದೆ. ಬೂಷ್ಟು ಕಂಡ ಕ್ಯಾಸೆಟ್ಟನ್ನು ಹಾಗೆಯೇ ಪ್ಲೇಯರಿಗೆ ಹಾಕಬೇಡಿ, ಉಳಿದವಕ್ಕೂ ಹರಡುತ್ತದೆ. ಡಿಜಿಟಲ್ ಪ್ರತಿ ಮಾಡುವಾಗ ಎಂಪಿ3ಗಿಂತ ವೇವ್ ಫೈಲ್ ಉತ್ತಮ, ಏಕೆಂದರೆ ಅದರಲ್ಲಿ ಧ್ವನಿ ಕುಗ್ಗುವುದಿಲ್ಲ. ಅಂಗಡಿಯಲ್ಲಿ ಮಾರಾಟಕ್ಕಿದ್ದ ಕ್ಯಾಸೆಟ್ಟು ಬೇರೆಡೆಯೂ ಸಿಕ್ಕೀತು, ನೀವೇ ಆಟದ ದಿನ ಅಥವಾ ಹಾಲಕ್ಕಿಗಳ ಕೇರಿಯಾದ ಕೊಪ್ಪದಲ್ಲಿ ಕುಳಿತು ಮಾಡಿದ ಮುದ್ರಣ ಸಿಗದು, ಅದನ್ನು ಮೊದಲು ಎತ್ತಿಕೊಳ್ಳಿ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು, 2025ರ ಫೆಬ್ರವರಿಯಲ್ಲಿ ಸುಕ್ರಿ ಬೊಮ್ಮಗೌಡರು, ಹೀಗೆ ಎರಡೇ ತಿಂಗಳ ಅಂತರದಲ್ಲಿ ಅಂಕೋಲೆ ತಾಲೂಕು ಇಬ್ಬರು ಪದ್ಮಶ್ರೀ ಪುರಸ್ಕೃತರನ್ನು ಕಳೆದುಕೊಂಡಿತು. ಒಬ್ಬರಿಗೆ ಗಿಡಗಳ ತಿಳಿವಳಿಕೆ, ಇನ್ನೊಬ್ಬರಿಗೆ ಹಾಡು ನಾಲಗೆಯ ಮೇಲಿತ್ತು. ಅವರ ಧ್ವನಿ ನಿಮ್ಮ ಇನ್ನೂರರಲ್ಲಿ ಎಲ್ಲಿಯಾದರೂ ಇದ್ದರೆ ದಯವಿಟ್ಟು ಕೂಡಲೇ ತಿಳಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಬಂದ ಪತ್ರಗಳನ್ನು ಪತ್ರಾಗಾರಕ್ಕೆ ಕೊಡುವ ಮನಸ್ಸಿದೆ. ಆದರೆ ಬರೆದವರ ಮನೆಯವರು ಆಕ್ಷೇಪಿಸಿದರೆ?
— ಭಟ್ಕಳದ ಓದುಗರು

ಉತ್ತರ: ಕಾಗದ ನಿಮ್ಮದು, ಅದರಲ್ಲಿರುವ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಆ ಹಕ್ಕು ಬರೆದವರ ಕಾಲಾನಂತರವೂ ಅವರ ವಾರಸುದಾರರಲ್ಲಿ ಉಳಿಯುತ್ತದೆ. ಆದ್ದರಿಂದ ಪತ್ರವನ್ನು ಪತ್ರಾಗಾರದಲ್ಲಿ ಇಡಲು ನಿಮಗೆ ಅಡ್ಡಿಯಿಲ್ಲ, ಅಚ್ಚು ಹಾಕಿಸಲು ಅವರ ವಾರಸುದಾರರ ಒಪ್ಪಿಗೆ ಬೇಕು. ಮನೆಯ ಜಗಳ, ಕಾಯಿಲೆ, ಸಾಲ, ಮದುವೆಯ ಮಾತುಕತೆ ಇರುವ ಪತ್ರಗಳಿದ್ದರೆ ಇಷ್ಟು ವರ್ಷ ತೆರೆಯಕೂಡದು ಎಂಬ ಷರತ್ತಿನೊಂದಿಗೆ ಕೊಡಬಹುದು. ದೊಡ್ಡ ಪತ್ರಾಗಾರಗಳಲ್ಲಿ ಹೀಗೆ ಮೊಹರು ಹಾಕಿದ ಪೆಟ್ಟಿಗೆಗಳು ಸಾಮಾನ್ಯ. ನಾಚಿಕೆಯಿಂದ ಸುಟ್ಟುಹಾಕುವುದಕ್ಕಿಂತ ಮುಚ್ಚಿಡುವುದು ಮೇಲು.

ಪ್ರಶ್ನೆ: ಶಿರೂರಿನ ಗುಡ್ಡ ಕುಸಿತದ ದಿನಗಳ ನೂರಾರು ವಿಡಿಯೋ ನಮ್ಮೆಲ್ಲರ ಫೋನಿನಲ್ಲಿವೆ. ಅವನ್ನೂ ಇಡಬೇಕೇ?
— ಅಂಕೋಲೆಯ ಯುವಕರು

ಉತ್ತರ: ಇಡಲೇಬೇಕು. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಜಾರಿದಾಗ ಆದದ್ದನ್ನೂ, ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಗೆ ನುಗ್ಗಿದ್ದನ್ನೂ ಮೊದಲು ದಾಖಲಿಸಿದ್ದು ನಿಮ್ಮಂಥವರ ಫೋನು. ಈ ಗಂಗಾವಳಿಯೇ ಮೇಲೆ ಬೇಡ್ತಿ. 1981ರ ಶಿರಸಿಯ ಚರ್ಚೆಯ ಕಾಗದವೂ 2024ರ ಈ ವಿಡಿಯೋವೂ ಒಂದೇ ಕಪಾಟಿಗೆ ಸೇರತಕ್ಕವು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ವಾಟ್ಸ್‌ಆಪಿನಲ್ಲಿ ಬಂದ ವಿಡಿಯೋ ಕುಗ್ಗಿರುತ್ತದೆ, ಯಾವಾಗ ಎಲ್ಲಿ ತೆಗೆದದ್ದೆಂಬ ಒಳಗಿನ ಮಾಹಿತಿಯೂ ಉಳಿದಿರುವುದಿಲ್ಲ. ಆದ್ದರಿಂದ ಹತ್ತು ಜನರಿಗೆ ಹೋದ ಪ್ರತಿಗಿಂತ ತೆಗೆದವರ ಫೋನಿನಲ್ಲಿರುವ ಒಂದು ಮೂಲ ಹೆಚ್ಚು ಬೆಲೆಯುಳ್ಳದ್ದು. ಕೇಬಲ್ ಮೂಲಕ ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಫೈಲಿನ ಹೆಸರಿನಲ್ಲಿ ದಿನಾಂಕ, ಸಮಯ, ಜಾಗ ಸೇರಿಸಿ, ತೆಗೆದವರ ಹೆಸರನ್ನು ಪಟ್ಟಿಯಲ್ಲಿ ಬರೆದು, ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ. ಮೃತರ ಮುಖ ಕಾಣುವ, ಮನೆಯವರು ಗೋಳಾಡುವ ದೃಶ್ಯಗಳನ್ನು ಆ ಕುಟುಂಬದವರನ್ನು ಕೇಳದೆ ಯಾರಿಗೂ ತೋರಿಸಬೇಡಿ. ಇಡುವುದು ಬೇರೆ, ತೋರಿಸುವುದು ಬೇರೆ.

ಪ್ರಶ್ನೆ: ಎಲ್ಲವೂ ಸರಿ. ಆದರೆ ಇಂತಹ ಪತ್ರಾಗಾರವನ್ನು ಕಟ್ಟುವವರು ಯಾರು? ಕಟ್ಟಡ, ಹಣ, ಸಿಬ್ಬಂದಿ ಎಲ್ಲಿಂದ? ಸರ್ಕಾರ ಮಾಡಲಿ ಎಂದು ಕಾಯಬೇಕೇ?
— ಸಿದ್ದಾಪುರದ ಓದುಗರು

ಉತ್ತರ: ಸರ್ಕಾರಿ ಪತ್ರಾಗಾರದ ಮುಖ್ಯ ಕೆಲಸ ಸರ್ಕಾರದ ದಾಖಲೆಗಳನ್ನು ಕಾಯುವುದು. 1891ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಗಿ ಮುಂದೆ ದೆಹಲಿಗೆ ಬಂದ ರಾಷ್ಟ್ರೀಯ ಪತ್ರಾಗಾರವೂ ಹುಟ್ಟಿದ್ದು ಇಲಾಖೆಗಳ ಕಡತಗಳಿಗಾಗಿ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಕೇಂದ್ರ ಸರ್ಕಾರದ ದಾಖಲೆಗಳ ಬಗ್ಗೆಯೇ ಹೇಳುತ್ತದೆ. ಜನರ ಮನೆಯ ಕಾಗದಗಳಿಗೆ ಜನರೇ ಮುಂದಾದ ಉದಾಹರಣೆಗಳು ನಮ್ಮಲ್ಲಿವೆ. 1988ರಲ್ಲಿ ಮುಂಬಯಿಯಲ್ಲಿ ಮೂವರು ವಿದುಷಿಯರು ಸೇರಿ ಮಹಿಳೆಯರ ಧ್ವನಿ ಮತ್ತು ಚಿತ್ರಗಳಿಗೆಂದೇ ‘ಸ್ಪ್ಯಾರೋ’ ಎಂಬ ಪತ್ರಾಗಾರವನ್ನು ಆರಂಭಿಸಿದರು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯಲ್ಲಿ 2019ರಲ್ಲಿ ಸಮಕಾಲೀನ ವಿಜ್ಞಾನದ ಇತಿಹಾಸಕ್ಕಾಗಿ ಸಾರ್ವಜನಿಕರಿಗೂ ತೆರೆದ ಪತ್ರಾಗಾರವೊಂದು ಶುರುವಾಯಿತು. ಸಂಸ್ಥೆ ಕಟ್ಟುವುದು ನಮ್ಮ ಜಿಲ್ಲೆಗೂ ಹೊಸದಲ್ಲ. 1923ರಲ್ಲಿ ಶಿರಸಿಯಲ್ಲಿ ತೋಟಿಗರು ತಮ್ಮದೇ ಸಹಕಾರಿ ಮಾರಾಟ ಸಂಘ ಕಟ್ಟಿದರು, 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಊರೂರಿಗೆ ಶಾಲೆ ಒಯ್ದರು.

ಕಟ್ಟಡದಿಂದ ಆರಂಭಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಕಾಲೇಜು ಗ್ರಂಥಾಲಯದ ಒಂದು ಕೋಣೆ ಸಾಕು, ಅದು ನೆಲಮಟ್ಟದಲ್ಲಿರಬಾರದು, ನೇರವಾಗಿ ಮಾಡಿನ ಕೆಳಗೂ ಇರಬಾರದು, ನೀರಿನ ಪೈಪು ಹಾದುಹೋಗಿರಬಾರದು. ಸ್ಟೀಲಿನ ರ‍್ಯಾಕುಗಳು ಗೋಡೆಯಿಂದ ಒಂದು ಗೇಣು ದೂರವಿರಲಿ. ಮಳೆಗಾಲದಲ್ಲಿ ತೇವ ಹೀರುವ ಯಂತ್ರವೊಂದು ಬೇಕು, ಅದರ ವಿದ್ಯುತ್ ಬಿಲ್ಲನ್ನು ವರ್ಷ ವರ್ಷವೂ ಯಾರು ಕಟ್ಟುತ್ತಾರೆಂದು ಮೊದಲೇ ನಿರ್ಧಾರವಾಗಬೇಕು. ಉದ್ಘಾಟನೆಗೆ ಹಣ ಕೊಡುವವರು ಸಿಗುತ್ತಾರೆ, ಎಂಟನೆಯ ವರ್ಷದ ವಿದ್ಯುತ್ ಬಿಲ್ಲಿಗೆ ಸಿಗುವುದಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನೇ ಮುಂದೆ ನಿಂತು, ಹಿರಿಯರೊಬ್ಬರ ಮನೆಯಿಂದ ನಾಲ್ಕು ಗೋಣಿಚೀಲ ಕಾಗದಗಳನ್ನು ಒಂದು ಸಂಸ್ಥೆಗೆ ಕೊಡಿಸಿದ್ದೆ. ಅವರು ರಸೀದಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಸಂಸ್ಥೆಯ ಆಡಳಿತ ಬದಲಾಗಿ, ಕೋಣೆ ಖಾಲಿ ಮಾಡುವಾಗ ಆ ಚೀಲಗಳು ರದ್ದಿಗೆ ಹೋದವು ಎಂದು ತಡವಾಗಿ ತಿಳಿಯಿತು. ಆ ಮನೆಯವರ ಮುಖ ನೋಡಲು ನನಗೆ ಇಂದಿಗೂ ಸಂಕೋಚವಾಗುತ್ತದೆ. ಆದ್ದರಿಂದ ಎರಡು ವಿಷಯಗಳಲ್ಲಿ ರಾಜಿ ಬೇಡವೆಂದು ಕೇಳಿಕೊಳ್ಳುತ್ತೇನೆ. ಬಂದ ಪ್ರತಿ ಕಟ್ಟಿಗೂ ಕ್ರಮಸಂಖ್ಯೆ, ದಿನಾಂಕ, ಕೊಟ್ಟವರು, ಒಳಗಿರುವುದು, ಅದರ ಸ್ಥಿತಿ, ಷರತ್ತು ಇವನ್ನು ದಾಖಲಿಸುವ ದಪ್ಪ ರಟ್ಟಿನ ಒಂದು ವಹಿ ಇರಬೇಕು, ಕೊಟ್ಟವರಿಗೆ ಅದೇ ಸಂಖ್ಯೆಯ ರಸೀದಿ ಸಿಗಬೇಕು. ಇನ್ನೊಂದು, ನಡೆಸುವ ಸಂಸ್ಥೆ ನಿಂತುಹೋದರೆ ಸಂಗ್ರಹವೆಲ್ಲ ಯಾವ ಸಂಸ್ಥೆಗೆ ಹೋಗಬೇಕು ಎಂದು ಟ್ರಸ್ಟಿನ ಪತ್ರದಲ್ಲಿ ಮೊದಲ ದಿನವೇ ಬರೆದಿರಬೇಕು.

ನಿಮ್ಮ ಸಿದ್ದಾಪುರದಲ್ಲಿ ಕಟ್ಟಡಕ್ಕಿಂತ ಮೊದಲು ಒಂದು ಪಟ್ಟಿ ಆಗಲಿ. 1932ರ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಮನೆತನಗಳಲ್ಲಿ, ಆಮೇಲಿನ ಗೇಣಿದಾರರ ಹೋರಾಟ ಕಂಡ ಮನೆಗಳಲ್ಲಿ ಯಾರ ಹತ್ತಿರ ಕಾಗದ ಉಳಿದಿದೆ, ಅದನ್ನು ಓದಿ ಹೇಳಬಲ್ಲವರ ವಯಸ್ಸೆಷ್ಟು ಎಂದು ಬರೆಯಿರಿ. ಪಟ್ಟಿಯನ್ನು ವಯಸ್ಸಿನ ಕ್ರಮದಲ್ಲಿಯೇ, ಹಿರಿಯರಿಂದ ಆರಂಭಿಸಿ ಮಾಡಿ, ಭೇಟಿಯೂ ಅದೇ ಕ್ರಮದಲ್ಲಿ ಆಗಲಿ. ಒಂದು ಪ್ರತಿಯನ್ನು ನಮ್ಮ ಕಚೇರಿಗೂ ಕಳುಹಿಸಿದರೆ ಶಿರಸಿ ಮತ್ತು ಅಂಕೋಲೆಯಿಂದ ಬರೆದ ಓದುಗರೊಂದಿಗೆ ನಿಮ್ಮನ್ನು ಜೋಡಿಸಿಕೊಡುತ್ತೇನೆ.